ಯುದ್ಧದ ಸಿನಿಮಾ ಯಾವ ಇಸವಿಯದು? ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತಾರು ವರ್ಷಗಳಿಂದ ಚಿತ್ರ ಸಮಾಜಗಳಲ್ಲಿ, ಕಾಲೇಜುಗಳಲ್ಲಿ ಯುದ್ಧದ ಸಿನಿಮಾಗಳನ್ನು ತೋರಿಸಿ ಮಾತನಾಡುತ್ತ ಬಂದಿದ್ದೇನೆ. ಪ್ರದರ್ಶನ ಮುಗಿದು ಕಾಫಿ ಕುಡಿಯುವಾಗ ಕೇಳಿದ್ದು, ಆಮೇಲೆ ಪತ್ರ ಬರೆದು ಕೇಳಿದ್ದು, ಜಗಳಕ್ಕೇ ನಿಂತು ಕೇಳಿದ್ದು ಎಲ್ಲ ಸೇರಿದರೆ ಹತ್ತು ಹನ್ನೆರಡು ಪ್ರಶ್ನೆಗಳಾಗುತ್ತವೆ. ಊರು ಬದಲಾದರೂ ಅವು ಬದಲಾಗುವುದಿಲ್ಲ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ.

## ಮೊದಲಿಗೆ ಕೇಳುವವು

ಯುದ್ಧ ಹೇಗೆ ನಡೆಯಿತೋ ಹಾಗೆ ತೋರಿಸುವುದೇ ಯುದ್ಧದ ಸಿನಿಮಾ. ಅದರಲ್ಲಿ ಸಮಾಜದ ಯೋಚನೆ ಎಲ್ಲಿಂದ ಬರುತ್ತದೆ ಸಾರ್?

ಇಂಥ ಸಿನಿಮಾಕ್ಕೆ ಎರಡು ಇಸವಿಗಳಿರುತ್ತವೆ. ಕಥೆ ನಡೆಯುವ ಇಸವಿ ಒಂದು, ಚಿತ್ರೀಕರಣ ನಡೆದ ಇಸವಿ ಇನ್ನೊಂದು. ನಾವು ಮೊದಲನೆಯದನ್ನು ನೋಡುತ್ತಿದ್ದೇವೆ ಎಂದುಕೊಂಡು ಕೂತಿರುತ್ತೇವೆ. ತೆರೆಯ ಮೇಲೆ ಬರುತ್ತಿರುವುದು ಹೆಚ್ಚಾಗಿ ಎರಡನೆಯದು.

ಸೋವಿಯತ್ ಒಕ್ಕೂಟದ ಎರಡು ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1950ರ ‘ದಿ ಫಾಲ್ ಆಫ್ ಬರ್ಲಿನ್’ ಕೊನೆಯಲ್ಲಿ ಬಿಳಿ ಸಮವಸ್ತ್ರ ತೊಟ್ಟ ಸ್ಟಾಲಿನ್ ವಿಮಾನದಿಂದ ಬರ್ಲಿನ್‌ನಲ್ಲಿ ಇಳಿಯುತ್ತಾನೆ, ಸೆರೆಯಿಂದ ಬಿಡುಗಡೆಯಾದ ಜನ ಜೈಕಾರ ಹಾಕುತ್ತಾರೆ. ಅಂಥದ್ದು ನಡೆದೇ ಇರಲಿಲ್ಲ. ಗೆದ್ದ ಮೇಲೆ ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್‌ನಲ್ಲಿ ನಡೆದ ಸಭೆಗೆ ಸ್ಟಾಲಿನ್ ಹೋದದ್ದು ರೈಲಿನಲ್ಲಿ. 1953ರಲ್ಲಿ ಆತ ಸತ್ತ. 1957ರಲ್ಲಿ ಅದೇ ಯುದ್ಧದ ಮೇಲೆ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ ಬಂತು. ಅದರಲ್ಲಿ ನಾಯಕ ಬೋರಿಸ್ ಯಾವ ಸಾಹಸವನ್ನೂ ಮಾಡದೆ ಕೆಸರಿನ ನಡುವೆ ಗುಂಡು ತಿಂದು ಬೀಳುತ್ತಾನೆ, ಅವನ ಕಣ್ಣಿಗೆ ಬರ್ಚ್ ಮರಗಳ ತುದಿಗಳು ಗಿರಗಿರನೆ ತಿರುಗುತ್ತವೆ. ಗೆದ್ದ ಸೈನಿಕರು ರೈಲಿನಲ್ಲಿ ಮರಳುವ ದಿನ ಅವನ ಹುಡುಗಿ ವೆರೋನಿಕಾ ಹೂಗೊಂಚಲು ಹಿಡಿದು ನಿಲ್ದಾಣಕ್ಕೆ ಬರುತ್ತಾಳೆ. ಅವನು ಬರುವುದಿಲ್ಲ. ಆ ಹೂಗಳನ್ನು ಒಂದೊಂದಾಗಿ ಗುರುತಿಲ್ಲದವರ ಕೈಗೆ ಕೊಡುತ್ತ ಹೋಗುತ್ತಾಳೆ.

ಏಳು ವರ್ಷದಲ್ಲಿ ಯುದ್ಧದ ಇತಿಹಾಸವೇನೂ ಬದಲಾಗಿರಲಿಲ್ಲ. ಗೆಲುವಿನ ಲೆಕ್ಕವನ್ನು ನಾಯಕನ ಖಾತೆಗೆ ಬರೆಯುತ್ತಿದ್ದ ಸಮಾಜ, ಅದನ್ನು ಕಳೆದುಕೊಂಡವರ ಮನೆಬಾಗಿಲಲ್ಲಿ ನಿಂತು ಬರೆಯಲು ಶುರುಮಾಡಿತ್ತು.

ಸೋತ ಯುದ್ಧದ ಮೇಲೆ ಸಿನಿಮಾ ತೆಗೆದರೆ ಯಾರು ನೋಡುತ್ತಾರೆ?

ನಮ್ಮವರೇ ನೋಡಿದರು. ಹಿಂದಿಯ ಮೊದಲ ದೊಡ್ಡ ಯುದ್ಧದ ಚಿತ್ರವೆಂದು ಹೆಸರಾದ ಚೇತನ್ ಆನಂದ್ ಅವರ ‘ಹಕೀಕತ್’ (1964) 1962ರಲ್ಲಿ ಚೀನಾ ಎದುರು ಸೋತ ಕಥೆ. ಲಡಾಖಿನಲ್ಲಿ ಒಂದು ತುಕಡಿ ಹಿಂದೆ ಸರಿಯುತ್ತದೆ, ಮತ್ತೂ ಹಿಂದೆ ಸರಿಯುತ್ತದೆ. ಗುಂಡು ಸಾಲದು, ಚಳಿಗೆ ಬಟ್ಟೆ ಸಾಲದು, ಎದುರಿನವರ ಸಂಖ್ಯೆ ಮಾತ್ರ ಮುಗಿಯುವುದಿಲ್ಲ. ಕೊನೆಗೆ ಹಿಮದಲ್ಲಿ ಬಿದ್ದ ಶವಗಳ ಮೇಲೆ ಕೈಫಿ ಆಜ್ಮಿಯವರ ಸಾಲುಗಳು ಮಹಮ್ಮದ್ ರಫಿಯವರ ದನಿಯಲ್ಲಿ ಬರುತ್ತವೆ: ನಾವು ಹೊರಟೆವು, ದೇಶ ಇನ್ನು ನಿಮ್ಮ ಕೈಲಿದೆ.

ಸತ್ತವರು ಬದುಕಿದವರಿಗೆ ಜವಾಬ್ದಾರಿ ಒಪ್ಪಿಸುವ ಹಾಡು ಅದು. ಯಾರು ತಪ್ಪು ಮಾಡಿದರು ಎಂದು ಅದು ಕೇಳುವುದಿಲ್ಲ. ಚಿತ್ರವನ್ನು ನೆಹರೂ ಅವರಿಗೆ ಅರ್ಪಿಸಲಾಗಿತ್ತು. ಅವರು ಅದೇ ವರ್ಷ ಮೇ 27ರಂದು ತೀರಿಕೊಂಡರು. ಸೋಲಿನ ಹೊಣೆ ಹೊರಿಸುವ ಮನಸ್ಸು ಆಗಿನ ಸಮಾಜಕ್ಕೆ ಇರಲಿಲ್ಲ, ಅಳುವ ಮನಸ್ಸಿತ್ತು. ಇದು ಚಿತ್ರದ ದೌರ್ಬಲ್ಯವೆಂದು ವಾದಿಸುವವರಿದ್ದಾರೆ. ನನಗೆ ಅದೇ ಅದರ ಪ್ರಾಮಾಣಿಕತೆ.

‘ಬಾರ್ಡರ್’ನಲ್ಲಿ ತೋರಿಸಿದ್ದೆಲ್ಲ ನಿಜವೇ?

ಬೆನ್ನೆಲುಬು ನಿಜ. 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಲೋಂಗೆವಾಲಾ ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಸುಮಾರು 120 ಜನ ರಾತ್ರಿಯಿಡೀ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದರು. ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಬಂದ ಹಂಟರ್ ವಿಮಾನಗಳು ಆ ಟ್ಯಾಂಕುಗಳನ್ನು ಮರಳಿನಲ್ಲೇ ಸುಟ್ಟವು.

ಅಲ್ಲಿ ಸತ್ತ ನಮ್ಮ ಸೈನಿಕರು ಇಬ್ಬರು. 1997ರಲ್ಲಿ ಜೆ.ಪಿ. ದತ್ತಾ ತೆಗೆದ ಸಿನಿಮಾದಲ್ಲಿ ಎಷ್ಟು ಜನ ಸಾಯುತ್ತಾರೆ, ಎಣಿಸಿ ನೋಡಿ. ಸುನೀಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಪಾತ್ರವೂ ಸಾಯುತ್ತದೆ. ಆ ಹೆಸರಿನ ಗಡಿ ಭದ್ರತಾ ಪಡೆಯ ಯೋಧ ಭೈರೋನ್ ಸಿಂಗ್ ರಾಠೋಡ್ ಬದುಕಿದ್ದರು. ತೆರೆಯ ಮೇಲೆ ಹುತಾತ್ಮರಾದ ಮೇಲೆ ಇಪ್ಪತ್ತೈದು ವರ್ಷ ಬಾಳಿ, 2022ರ ಡಿಸೆಂಬರಿನಲ್ಲಿ ಜೋಧ್‌ಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು.

ಬದುಕಿರುವವನನ್ನು ಯಾಕೆ ಕೊಲ್ಲಬೇಕು? ಬಲಿಯಿಲ್ಲದ ಗೆಲುವು ನಮಗೆ ರುಚಿಸುವುದಿಲ್ಲ, ಅದಕ್ಕೆ. ನಮ್ಮ ವೀರಗಲ್ಲುಗಳ ಮುಂದೆ ನಿಂತರೂ ಇದೇ ಕಾಣುತ್ತದೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಗೆದ್ದು ಮನೆಗೆ ಬಂದು ಹೊಲ ಉತ್ತವನಿಗೆ ಯಾರೂ ಕಲ್ಲು ನೆಡಲಿಲ್ಲ.

ಸೇನೆಯಲ್ಲಿದ್ದು ನಿವೃತ್ತರಾದ ನನ್ನ ಸೋದರಮಾವನನ್ನು ಕರೆದುಕೊಂಡು ಈ ಚಿತ್ರಕ್ಕೆ ಹೋಗಿದ್ದೆ. ಟ್ಯಾಂಕುಗಳು ಹೊತ್ತಿ ಉರಿಯುವಾಗ ಅವರು ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಊರಿನ ಪತ್ರಗಳು ಬಂದ ಹಾಡು ಶುರುವಾದಾಗ ಮಾತ್ರ ಎದ್ದು ಹೊರಗೆ ಹೋದರು. ಹಾಡು ಮುಗಿದ ಮೇಲೆ ಬಂದು ಕೂತು, “ಇಷ್ಟು ಹೊತ್ತು ಏನಾಯಿತು?” ಎಂದು ಕೇಳಿದರು. ಏನೂ ಆಗಲಿಲ್ಲ ಮಾವ ಎಂದೆ. ಇಪ್ಪತ್ತೆಂಟು ವರ್ಷದ ಅವರ ನೌಕರಿಯಲ್ಲಿ ನಿಜವಾಗಿ ಆದದ್ದು ಆ ಹಾಡಿನಲ್ಲಿತ್ತು ಎಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಕನ್ನಡದಲ್ಲಿ ಯುದ್ಧದ ಸಿನಿಮಾಗಳೇ ಇಲ್ಲವಲ್ಲ, ಯಾಕೆ?

ಇವೆ, ಆದರೆ ಬೇರೆ ಯುದ್ಧಗಳವು. ‘ರಣಧೀರ ಕಂಠೀರವ’ ಬಂದದ್ದು 1960ರಲ್ಲಿ, ‘ಕಿತ್ತೂರು ಚೆನ್ನಮ್ಮ’ 1961ರಲ್ಲಿ. 1956ರಲ್ಲಷ್ಟೇ ರಾಜ್ಯ ಒಂದಾಗಿತ್ತು, ಅದಕ್ಕಿನ್ನೂ ಕರ್ನಾಟಕ ಎಂಬ ಹೆಸರೂ ಬಂದಿರಲಿಲ್ಲ. ಹಳೆಯ ಮೈಸೂರಿನವರ ರಾಜ, ಮುಂಬೈ ಕರ್ನಾಟಕದವರ ರಾಣಿ ಇಬ್ಬರೂ ಒಂದೇ ತೆರೆಯ ಮೇಲೆ ಬಂದರು. ಆ ಕತ್ತಿವರಸೆಯಲ್ಲಿ ಗೆಲ್ಲಬೇಕಾಗಿದ್ದದ್ದು ಕೋಟೆಗಿಂತ ಹೆಚ್ಚಾಗಿ, ನಾವೆಲ್ಲ ಒಬ್ಬರೇ ಎಂಬ ಮಾತನ್ನು.

ಆಧುನಿಕ ಸೇನೆಯ ವಿಷಯಕ್ಕೆ ಬಂದರೆ ರಾಜೇಂದ್ರ ಸಿಂಗ್ ಬಾಬು ಅವರ ‘ಮುತ್ತಿನ ಹಾರ’ (1990) ಎದುರಿಗೆ ನಿಲ್ಲುವಂಥದ್ದು ಕಡಿಮೆ. ವಿಷ್ಣುವರ್ಧನ್ ಅವರ ಅಚ್ಚಪ್ಪ ಕೊಡವ ಸೈನಿಕ, ಸುಹಾಸಿನಿಯವರ ಅನ್ನಪೂರ್ಣ ದಾದಿ. ಎರಡನೇ ಮಹಾಯುದ್ಧದ ಬರ್ಮಾದಲ್ಲಿ ಶುರುವಾಗುವ ಕಥೆ ಸ್ವಾತಂತ್ರ್ಯ ಬಂದ ಮೇಲೂ ಮುಗಿಯುವುದಿಲ್ಲ. ಬಾವುಟ ಬದಲಾಗುತ್ತದೆ, ಶತ್ರು ಬದಲಾಗುತ್ತಾನೆ, ಕಾಯುವ ಹೆಂಡತಿ ಅವಳೇ. ಕಾರ್ಯಪ್ಪ, ತಿಮ್ಮಯ್ಯ ಅವರಂಥ ಸೇನಾನಿಗಳನ್ನು ಕೊಟ್ಟ ಜಿಲ್ಲೆಯ ಮೇಲೆ ಸಿನಿಮಾ ತೆಗೆಯುವಾಗ ಬಂದೂಕಿನ ಹಾಡು ಬರೆಯುವುದು ಸುಲಭವಿತ್ತು. ಹಂಸಲೇಖ ಬರೆದದ್ದು ದೇವರು ಹೊಸೆದ ಪ್ರೇಮದ ದಾರದ ಬಗ್ಗೆ, ಹಾಡಿದ್ದು ಬಾಲಮುರಳಿಕೃಷ್ಣ. ಸೇನೆಗೆ ಮಕ್ಕಳನ್ನು ಕಳಿಸುವ ಊರು ಯುದ್ಧವನ್ನು ನೋಡುವ ರೀತಿಯೇ ಬೇರೆ, ಟಿವಿಯಲ್ಲಿ ನೋಡುವ ಊರಿನದೇ ಬೇರೆ.

## ಒಂದೆರಡು ಸಿನಿಮಾ ನೋಡಿದ ಮೇಲೆ ಕೇಳುವವು

ಅಮೆರಿಕದವರು ಸೋತ ವಿಯೆಟ್ನಾಂ ಬಗ್ಗೆಯೇ ಅಷ್ಟೊಂದು ಸಿನಿಮಾ ಯಾಕೆ ಮಾಡಿದರು?

ಯುದ್ಧ ನಡೆಯುತ್ತಿದ್ದಾಗ ನೇರವಾಗಿ ಅದರ ಮೇಲೆ ತೆಗೆದ ದೊಡ್ಡ ಚಿತ್ರ ಒಂದೇ: ಜಾನ್ ವೇಯ್ನ್ ಅವರ ‘ದಿ ಗ್ರೀನ್ ಬೆರೆಟ್ಸ್’ (1968). ವೇಯ್ನ್ ಅಧ್ಯಕ್ಷ ಜಾನ್ಸನ್ ಅವರಿಗೇ ಪತ್ರ ಬರೆದು ಸೇನೆಯ ಸಹಾಯ ಪಡೆದಿದ್ದರು. ಕೊನೆಯ ದೃಶ್ಯದಲ್ಲಿ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ. ವಿಯೆಟ್ನಾಮಿನ ಆ ಕರಾವಳಿ ಇರುವುದು ಪೂರ್ವಕ್ಕೆ! ಹಳೆಯ ಯುದ್ಧದ ಅಚ್ಚಿಗೆ ಹೊಸ ಯುದ್ಧವನ್ನು ಸುರಿದರೆ ದಿಕ್ಕೇ ತಪ್ಪುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆಮೇಲೆ ಹತ್ತು ವರ್ಷ ಹೆಚ್ಚುಕಡಿಮೆ ಮೌನ. ಹೇಳಬೇಕೆನಿಸಿದ್ದನ್ನು ಕೊರಿಯಾ ಯುದ್ಧದ ವೇಷ ಹಾಕಿ ‘ಮ್ಯಾಶ್’ನಲ್ಲಿ (1970) ಹೇಳಿದರು.

1978–79ರಲ್ಲಿ ‘ದಿ ಡೀರ್ ಹಂಟರ್’, ‘ಅಪೊಕ್ಯಾಲಿಪ್ಸ್ ನೌ’ ಬಂದಾಗ ಗಾಯ ಬಾಯಿ ಬಿಟ್ಟಿತು. 1985ರ ಎರಡನೇ ರ‍್ಯಾಂಬೋ ಚಿತ್ರದಲ್ಲಿ ನಾಯಕ, ಈ ಸಲವಾದರೂ ನಮಗೆ ಗೆಲ್ಲಲು ಬಿಡುತ್ತೀರಾ ಎಂದು ಮೇಲಧಿಕಾರಿಯನ್ನು ಕೇಳುತ್ತಾನೆ. ಸೋಲಿಸಿದ್ದು ಶತ್ರುವಲ್ಲ, ನಮ್ಮ ಕಚೇರಿಗಳಲ್ಲಿ ಕೂತವರು ಎಂಬ ಸಮಾಧಾನ ಆ ಪ್ರಶ್ನೆಯೊಳಗಿದೆ. ಮರುವರ್ಷವೇ, ಸ್ವತಃ ಅಲ್ಲಿ ಕಾದಾಡಿ ಬಂದಿದ್ದ ಆಲಿವರ್ ಸ್ಟೋನ್ ‘ಪ್ಲಟೂನ್’ ತೆಗೆದು, ಅಮೆರಿಕದ ಸೈನಿಕರು ಹಳ್ಳಿಗೆ ಬೆಂಕಿಯಿಡುವುದನ್ನು ತೋರಿಸಿದರು. ಒಂದೇ ದೇಶ, ಎರಡು ವರ್ಷಕ್ಕೂ ಕಡಿಮೆ ಅಂತರ, ಎರಡು ವಾದ. ಸಮಾಜ ಒಂದೇ ಬಾಯಲ್ಲಿ ಮಾತಾಡುವುದಿಲ್ಲ.

ಇವೆಲ್ಲದರಲ್ಲೂ ವಿಯೆಟ್ನಾಮಿನವರಿಗೆ ಎಷ್ಟು ಸಂಭಾಷಣೆ ಇದೆ ಎಂದು ಮಾತ್ರ ಕೇಳಬೇಡಿ.

ಶತ್ರುವನ್ನು ಮನುಷ್ಯನ ಹಾಗೆ ತೋರಿಸಿದರೆ ನಮ್ಮ ಸೈನಿಕರಿಗೆ ಅವಮಾನವಲ್ಲವೇ?

ರನ್ನನನ್ನು ಓದಿದ ಕನ್ನಡಿಗರು ಇದನ್ನು ಕೇಳಬಾರದು. ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ತನ್ನವರಿಗಾಗಿ ಅಳುವುದಿರಲಿ, ಅಭಿಮನ್ಯುವಿನ ಎದುರು ನಿಂತು, ನಿನ್ನ ಸಾಹಸದ ಒಂದು ಪಾಲಿಗೆ ತಕ್ಕ ಮರಣವಾದರೂ ನಮಗೆ ಬರಲಿ ಎಂದು ಕೈಮುಗಿಯುತ್ತಾನೆ. ಕೊಂದವರ ಪಕ್ಷದವನು, ಶತ್ರುವಿನ ಕೊಲೆಯಾದ ಮಗನಿಗೆ! ಸಾವಿರ ವರ್ಷದ ಹಿಂದಿನ ಅರಸನ ಆಸ್ಥಾನ ಇದನ್ನು ಕೇಳಿ ತಲೆದೂಗಿತು.

ದಕ್ಷಿಣ ಕೊರಿಯಾದಲ್ಲಿ ಸೇನಾ ಆಡಳಿತದ ಕಾಲಕ್ಕೆ ಉತ್ತರದವನು ತೆರೆಯ ಮೇಲೆ ರಾಕ್ಷಸನಾಗಿಯೇ ಇರಬೇಕಿತ್ತು. 2000ದ ಜೂನ್‌ನಲ್ಲಿ ಎರಡೂ ಕಡೆಯ ನಾಯಕರು ಮೊದಲ ಬಾರಿ ಭೇಟಿಯಾದರು. ಅದೇ ಸೆಪ್ಟೆಂಬರಿನಲ್ಲಿ ಬಂದ ‘ಜಾಯಿಂಟ್ ಸೆಕ್ಯುರಿಟಿ ಏರಿಯಾ’ದಲ್ಲಿ ಗಡಿಯ ಆಚೀಚೆಯ ಕಾವಲುಗಾರರು ರಾತ್ರಿ ಕದ್ದು ಸೇರಿ ತಿಂಡಿ ಹಂಚಿಕೊಂಡು ತಿನ್ನುತ್ತಾರೆ, ಹುಡುಗರ ಹಾಗೆ ಆಟವಾಡುತ್ತಾರೆ. ಜನ ಮುಗಿಬಿದ್ದು ನೋಡಿದರು. ಕೊನೆಯಲ್ಲಿ ಅವರ ಗೆಳೆತನ ಗುಂಡಿನಲ್ಲೇ ಮುಗಿಯುತ್ತದೆ. ಸಮಾಜ ಆಸೆಪಟ್ಟಷ್ಟೂ, ಹೆದರಿದಷ್ಟೂ ಎರಡೂ ಆ ಚಿತ್ರದಲ್ಲಿವೆ.

ಅಷ್ಟೇಕೆ, ‘ಬಾರ್ಡರ್’ನ ಕೊನೆಯ ಹಾಡು ಶತ್ರುವನ್ನು ಸೋದರನೆಂದು ಕರೆಯುತ್ತದೆ. ಅಷ್ಟೆಲ್ಲ ಗರ್ಜನೆಯ ಮೇಲೂ ಆ ಹಾಡಿಗೆ 1997ರಲ್ಲಿ ಜಾಗವಿತ್ತು.

ಸೇನೆಯ ಸಹಾಯ ಪಡೆದರೆ ಅದು ಸರ್ಕಾರಿ ಪ್ರಚಾರವೇ ಆಗುತ್ತದೆಯೇ?

ಆಗಲೇಬೇಕೆಂದಿಲ್ಲ, ಆದರೆ ಟ್ಯಾಂಕು ಬಾಡಿಗೆಗೆ ಸಿಗುವ ವಸ್ತುವಲ್ಲ. ಕೊಡುವವರು ಮೊದಲು ಚಿತ್ರಕಥೆ ಕೇಳುತ್ತಾರೆ. ಅಮೆರಿಕದ ರಕ್ಷಣಾ ಇಲಾಖೆ 1986ರಲ್ಲಿ ‘ಟಾಪ್ ಗನ್’ಗೆ ವಿಮಾನ, ಹಡಗು ಎಲ್ಲ ಒದಗಿಸಿತು, ‘ಪ್ಲಟೂನ್’ಗೆ ಇಲ್ಲವೆಂದಿತು. ‘ಅಪೊಕ್ಯಾಲಿಪ್ಸ್ ನೌ’ ತಂಡ ಫಿಲಿಪ್ಪೀನ್ಸ್ ಸೇನೆಯಿಂದ ಹೆಲಿಕಾಪ್ಟರ್ ತಂದರೆ, ಅವು ಬಂಡುಕೋರರ ಮೇಲಿನ ನಿಜವಾದ ಕಾರ್ಯಾಚರಣೆಗೆಂದು ಚಿತ್ರೀಕರಣದ ನಡುವೆಯೇ ಹಾರಿಹೋಗುತ್ತಿದ್ದವು.

ನಮ್ಮಲ್ಲಿ 2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಪತ್ರ ಬರೆದು, ಸೇನೆಯನ್ನು ತೋರಿಸುವ ಚಿತ್ರ, ಸರಣಿಗಳಿಗೆ ಮೊದಲೇ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂದು ಹೇಳಿತು. ನಿರ್ದೇಶಕ ಓನಿರ್ ಅವರು ಸಲಿಂಗಿ ಸೇನಾಧಿಕಾರಿಯೊಬ್ಬನ ಕಥೆ ಒಪ್ಪಿಸಿದಾಗ ಅದು ಸಿಗಲಿಲ್ಲ. ಒಂದು ಸಮಾಜದ ಯುದ್ಧ ಸಿನಿಮಾಗಳನ್ನು ಅಳೆಯುವಾಗ ಬಂದ ಚಿತ್ರಗಳ ಜೊತೆ ಬಾರದೆ ಹೋದವನ್ನೂ ತಕ್ಕಡಿಗೆ ಹಾಕಬೇಕು.

ಹೆಂಗಸರು ಇರುವುದು ಬರೀ ಅಳುವುದಕ್ಕೇನಾ?

ಬಹಳ ಕಾಲ ಹಾಗೆಯೇ ಇತ್ತು: ಆರತಿ ಎತ್ತು, ಪತ್ರ ಬರೆ, ಅಳು. ‘ರಾಝಿ’ಯ (2018) ನಾಯಕಿ ಗೂಢಚಾರಿಣಿ, ಅಲ್ಲಿ ಅಳುವವಳೂ ಕೊಲ್ಲುವವಳೂ ಒಬ್ಬಳೇ. ದೇಶಕ್ಕಾಗಿ ಮಾಡಿದ್ದು ಅವಳಿಗೆ ನೆಮ್ಮದಿ ತರುವುದಿಲ್ಲ. ಅಂಥ ಕೊನೆ ಗಂಡು ನಾಯಕನಿಗೆ ನಮ್ಮಲ್ಲಿ ಸಿಕ್ಕಿದ್ದು ಅಪರೂಪ.

## ವಾದಕ್ಕೆಂದೇ ಬರುವವರು ಕೇಳುವವು

‘ಉರಿ’ ಬಂದ ಮೇಲೆ ಎಲ್ಲ ಬದಲಾಯಿತು ಅನ್ನುತ್ತೀರಿ. ಏನು ಬದಲಾಯಿತು, ದೇಶಭಕ್ತಿ ಆಗಲೂ ಇತ್ತಲ್ಲ?

ದೇಶಭಕ್ತಿಯ ಪ್ರಮಾಣ ಅಳೆಯುವುದು ನನ್ನ ಕೆಲಸವಲ್ಲ. ನಾನು ನೋಡುವುದು ಕ್ಯಾಮೆರಾ ಎಲ್ಲಿ ನಿಂತಿದೆ ಎಂದು.

‘ಹಕೀಕತ್’ನಲ್ಲಿ ನಮ್ಮವರು ಠಾಣೆ ಬಿಟ್ಟು ಸರಿಯುತ್ತಾರೆ. ‘ಬಾರ್ಡರ್’ನಲ್ಲಿ ಠಾಣೆ ಬಿಡದೆ ನಿಲ್ಲುತ್ತಾರೆ. ಕಾರ್ಗಿಲ್ ಚಿತ್ರಗಳಲ್ಲಿ ಕಳೆದ ಶಿಖರಗಳನ್ನು ಮರಳಿ ಪಡೆಯುತ್ತಾರೆ. ‘ಉರಿ’ಯಲ್ಲಿ (2019) ಗಡಿ ದಾಟಿ ಹೋಗುತ್ತಾರೆ. ಇದು ಹೊಸ ಹಿಂದೂಸ್ತಾನ, ಮನೆಗೆ ನುಗ್ಗಿಯೂ ನುಗ್ಗುತ್ತದೆ, ಹೊಡೆದೂ ಹೊಡೆಯುತ್ತದೆ ಎಂದು ಪಾತ್ರವೊಂದು ಹೇಳುತ್ತದೆ. ಐವತ್ತೈದು ವರ್ಷದಲ್ಲಿ ನಮ್ಮ ಸಿನಿಮಾದ ಸೈನಿಕ ನಡೆದ ದಾರಿಯ ನಕ್ಷೆ ಇಷ್ಟೇ.

ಎರಡನೆಯದು, ಮನೆ. ಹಿಂದೆ ಊರಿನಿಂದ ಬರುವ ಪತ್ರವೊಂದೇ ಕೊಂಡಿಯಾಗಿತ್ತು. ಯುದ್ಧ ಎಲ್ಲೋ ದೂರ, ಸುದ್ದಿ ಯಾವಾಗಲೋ. 1999ರಲ್ಲಿ ಕಾರ್ಗಿಲ್ ಟಿವಿಯಲ್ಲಿ ಬಂದು ಈ ದೂರವನ್ನು ಅಳಿಸಿತು. ‘ಉರಿ’ಯಲ್ಲಿ ಗರುಡ ಪಕ್ಷಿಯ ರೂಪದ ಡ್ರೋನ್ ಹಾರುತ್ತದೆ, ದೆಹಲಿಯ ಕೋಣೆಯೊಂದರಲ್ಲಿ ದೊಡ್ಡವರು ಪರದೆ ನೋಡುತ್ತ ಕೂರುತ್ತಾರೆ. ನಾವೂ ಅವರ ಜೊತೆ ಆ ಕೋಣೆಯಲ್ಲೇ ಕೂತಿದ್ದೇವೆ. ಕಂದಕದಲ್ಲಿ ಕೂತ ಪ್ರೇಕ್ಷಕ ಹೆದರುತ್ತಾನೆ. ನಿಯಂತ್ರಣ ಕೊಠಡಿಯಲ್ಲಿ ಕೂತವನಿಗೆ ಹೆದರಿಕೆಯಿಲ್ಲ, ಫಲಿತಾಂಶದ ಕುತೂಹಲ ಮಾತ್ರ. ಚಿತ್ರ ಬಂದ ಎಂಟೇ ದಿನಕ್ಕೆ ಮುಂಬೈಯ ಸಿನಿಮಾ ವಸ್ತುಸಂಗ್ರಹಾಲಯದ ಉದ್ಘಾಟನೆಯಲ್ಲಿ ಪ್ರಧಾನಿಯವರು, ‘ಹೌ ಈಸ್ ದ ಜೋಶ್’ ಎಂದು ಚಿತ್ರದ ಮಾತನ್ನೇ ಕೇಳಿದರು, ಸಭೆ ಚಿತ್ರದ ಉತ್ತರವನ್ನೇ ಕೊಟ್ಟಿತು.

ನಡುವೆ 2004ರ ‘ಲಕ್ಷ್ಯ’ ಇದೆ, ಅದನ್ನು ಮರೆಯಬೇಡಿ. ಗುರಿಯಿಲ್ಲದ ಶ್ರೀಮಂತರ ಮನೆಯ ಹುಡುಗನಿಗೆ ಸೇನೆ ಬದುಕಿನ ಅರ್ಥ ಕೊಡುತ್ತದೆ. ಉದಾರೀಕರಣದ ಮೊದಲ ಪೀಳಿಗೆ ಮಾಲ್‌ನಿಂದ ಹೊರಬಂದು ಮುಂದೇನು ಎಂದು ಕೇಳಿಕೊಂಡ ಗಳಿಗೆ ಅದು. ನನ್ನ ಮಟ್ಟಿಗೆ ಕಾರ್ಗಿಲ್ ಚಿತ್ರಗಳಲ್ಲಿ ಅದೇ ಹೆಚ್ಚು ಬಾಳುವಂಥದ್ದು.

ನಿಜವಾದ ಯುದ್ಧವಿರೋಧಿ ಸಿನಿಮಾ ಅಂತ ಒಂದಾದರೂ ಇದೆಯೇ?

ಫ್ರೆಂಚ್ ನಿರ್ದೇಶಕ ತ್ರುಫೋ ಅವರಿಗೆ ಅನುಮಾನವಿತ್ತು: ತೆರೆಯ ಮೇಲೆ ಯುದ್ಧ ಕೊನೆಗೆ ರೋಚಕವಾಗಿಯೇ ಕಾಣುತ್ತದೆ ಎಂಬ ಅರ್ಥದ ಮಾತು ಅವರದು. 2005ರ ‘ಜಾರ್‌ಹೆಡ್’ನಲ್ಲಿ ಇದಕ್ಕೆ ಪುಷ್ಟಿ ಕೊಡುವ ದೃಶ್ಯವೊಂದಿದೆ. ಕೊಲ್ಲಿ ಯುದ್ಧಕ್ಕೆ ಹೊರಡಲಿರುವ ಹುಡುಗರಿಗೆ ‘ಅಪೊಕ್ಯಾಲಿಪ್ಸ್ ನೌ’ ತೋರಿಸುತ್ತಾರೆ. ಹಳ್ಳಿಯ ಮೇಲೆ ಹೆಲಿಕಾಪ್ಟರುಗಳು ಎರಗುವಾಗ, ನಮ್ಮಲ್ಲಿ ನಾಯಕನ ಪ್ರವೇಶಕ್ಕೆ ಹಾಕುವ ಹಾಗೆ, ಅವರು ಕೇಕೆ ಹಾಕುತ್ತಾರೆ.

ಆದರೂ ನಾನು ಒಂದನ್ನು ಮುಂದಿಡುತ್ತೇನೆ: ಎಲೆಮ್ ಕ್ಲಿಮೊವ್ ಅವರ ‘ಕಮ್ ಆ್ಯಂಡ್ ಸೀ’ (1985). ಬೆಲಾರೂಸಿನ ಹುಡುಗನೊಬ್ಬ ಮರಳಿನಿಂದ ಬಂದೂಕು ಅಗೆದು ತೆಗೆದು ಉತ್ಸಾಹದಿಂದ ಹೋರಾಟಕ್ಕೆ ಹೋಗುತ್ತಾನೆ. ಎರಡೂ ಚಿಲ್ಲರೆ ಗಂಟೆಯಲ್ಲಿ ಆ ಮುಖದ ಮೇಲೆ ಮುದುಕನ ಸುಕ್ಕುಗಳು ಮೂಡುತ್ತವೆ. ಕೇಕೆ ಹಾಕಲು ಒಂದು ಜಾಗವನ್ನೂ ಚಿತ್ರ ಬಿಡುವುದಿಲ್ಲ. ಕೊನೆಯಲ್ಲಿ ಅವನು ನೆಲದ ಮೇಲಿನ ಹಿಟ್ಲರ್ ಚಿತ್ರಕ್ಕೆ ಗುಂಡು ಹಾರಿಸುತ್ತಾನೆ. ಪ್ರತಿ ಗುಂಡಿಗೂ ಹಳೆಯ ಸುದ್ದಿಚಿತ್ರಗಳು ಹಿಂದಕ್ಕೆ ಓಡುತ್ತವೆ, ಬಿದ್ದ ಕಟ್ಟಡಗಳು ಎದ್ದು ನಿಲ್ಲುತ್ತವೆ, ಹಿಟ್ಲರ್ ಚಿಕ್ಕವನಾಗುತ್ತ ತಾಯಿಯ ತೊಡೆಯ ಮೇಲಿನ ಕೂಸಾಗುತ್ತಾನೆ. ಹುಡುಗ ಗುಂಡು ಹಾರಿಸುವುದನ್ನು ನಿಲ್ಲಿಸುತ್ತಾನೆ. ಜನರ ಸಮೇತ ಸುಟ್ಟುಹೋದ 628 ಹಳ್ಳಿಗಳ ಲೆಕ್ಕ ತೆರೆಯ ಮೇಲೆ ಬರುತ್ತದೆ. ಈ ಚಿತ್ರಕಥೆಗೆ ಅಧಿಕಾರಿಗಳ ಒಪ್ಪಿಗೆ ಸಿಗಲು ವರ್ಷಗಟ್ಟಲೆ ಹಿಡಿಯಿತು.

ಸಿನಿಮಾ ಸಮಾಜವನ್ನು ತೋರಿಸುತ್ತದೋ, ತಯಾರಿಸುತ್ತದೋ?

ಉತ್ತರ ನನಗಿಂತ ಚೆನ್ನಾಗಿ ಗೊತ್ತಿದ್ದವರು ನಿಷೇಧ ಹೇರುವವರು. 1930ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ‘ಆಲ್ ಕ್ವೈಯೆಟ್ ಆನ್ ದ ವೆಸ್ಟರ್ನ್ ಫ್ರಂಟ್’ ತೆರೆಕಂಡಾಗ ಗೋಬೆಲ್ಸ್ ಮತ್ತವನ ಕಡೆಯವರು ಚಿತ್ರಮಂದಿರದೊಳಗೆ ಬಿಳಿ ಇಲಿಗಳನ್ನು ಬಿಟ್ಟರು, ಗಬ್ಬುವಾಸನೆಯ ಗುಂಡು ಒಡೆದರು. ಕೆಲವೇ ದಿನಗಳಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. ನಾಜಿಗಳು ಆಗಿನ್ನೂ ಅಧಿಕಾರದಲ್ಲಿರಲಿಲ್ಲ ಎಂಬುದನ್ನು ಗಮನಿಸಿ. ಕಂದಕದಲ್ಲಿ ಹೆದರಿ ಸಾಯುವ ಜರ್ಮನ್ ಹುಡುಗನನ್ನು ನೋಡಿದ ಜನ ಇನ್ನೊಂದು ಯುದ್ಧಕ್ಕೆ ಸುಲಭವಾಗಿ ಸಿದ್ಧರಾಗುವುದಿಲ್ಲವೆಂದು ಅವರಿಗೆ ತಿಳಿದಿತ್ತು.

ಫ್ರಾನ್ಸಿನ ಕಥೆ ಇನ್ನೂ ವಿಚಿತ್ರ. ಅಲ್ಜೀರಿಯಾದಲ್ಲಿ 1954ರಿಂದ 1962ರವರೆಗೆ ನಡೆದದ್ದನ್ನು ಆ ದೇಶ ಕಾಗದದ ಮೇಲೆ ಯುದ್ಧವೆಂದೇ ಕರೆಯಲಿಲ್ಲ, ಶಾಂತಿಪಾಲನೆಯ ಕಾರ್ಯಾಚರಣೆ ಎಂದಿತು. ಯುದ್ಧ ಎಂಬ ಪದಕ್ಕೆ ಸಂಸತ್ತು ಒಪ್ಪಿದ್ದು 1999ರಲ್ಲಿ. 1966ರ ‘ದ ಬ್ಯಾಟಲ್ ಆಫ್ ಅಲ್ಜಿಯರ್ಸ್’ ಫ್ರಾನ್ಸಿನ ಚಿತ್ರಮಂದಿರಗಳಿಗೆ ವರ್ಷಗಟ್ಟಲೆ ಬರಲಿಲ್ಲ. ಅದೇ ಚಿತ್ರವನ್ನು 2003ರಲ್ಲಿ, ಇರಾಕಿನಲ್ಲಿ ಸಿಕ್ಕಿಕೊಂಡಿದ್ದ ಅಮೆರಿಕದ ಪೆಂಟಗನ್ ತನ್ನ ಅಧಿಕಾರಿಗಳಿಗೆ ತೋರಿಸಿತು. ಒಬ್ಬರು ಕಣ್ಣಿಗೆ ಬೀಳಬಾರದೆಂದು ಅಡಗಿಸಿದ್ದನ್ನು ಇನ್ನೊಬ್ಬರು ಪಾಠಕ್ಕೆ ಇಟ್ಟುಕೊಂಡರು.

ಇನ್ನೂ ಬಾರದ ಯುದ್ಧದ ಸಿನಿಮಾ ಯಾವುದು, ನಿಮ್ಮ ಪ್ರಕಾರ?

ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು. 2017ರ ‘ಡನ್‌ಕರ್ಕ್’ನಲ್ಲಿ, ಆ ಕಡಲತೀರದಲ್ಲಿ ಹೇಸರಗತ್ತೆಗಳೊಂದಿಗೆ ಇದ್ದ ನಮ್ಮವರು ಕಾಣಲಿಲ್ಲವೆಂದು ದೂರು ಬಂತು. ದೂರು ಸರಿಯಾದದ್ದೇ. ಆದರೆ ನಾವು ಎಷ್ಟು ಸಿನಿಮಾ ತೆಗೆದಿದ್ದೇವೆ? ಬ್ರಿಟಿಷರ ಸಂಬಳ ತಿಂದು ಕಾದಾಡಿದವನನ್ನು ವೀರನೆನ್ನಬೇಕೋ ಬಾಡಿಗೆಯವನೆನ್ನಬೇಕೋ ನಮಗೆ ತಿಳಿಯದು, ಹಾಗಾಗಿ ಸುಮ್ಮನಿದ್ದೇವೆ. ‘ಮುತ್ತಿನ ಹಾರ’ ಬರ್ಮಾದಿಂದ ಶುರುವಾದದ್ದು ಈ ಕಾರಣಕ್ಕೂ ದೊಡ್ಡ ಮಾತು.

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣದ ಮೇಲೆ, ಮೆಷಿನ್‌ಗನ್‌ಗಳಿಗೆ ಎದುರಾಗಿ, ಜೋಧ್‌ಪುರದವರ ಜೊತೆ ಈಟಿ ಹಿಡಿದು ಕುದುರೆ ಓಡಿಸಿದವರಲ್ಲಿ ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್‌ನವರಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಅವರದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕವಿದೆ. ಒಮ್ಮೆ ಅಲ್ಲಿಗೆ ಹೋಗಿ ಹತ್ತು ನಿಮಿಷ ನಿಂತಿದ್ದೆ. ಪಕ್ಕದಲ್ಲಿ ಎಳನೀರು ಕೊಚ್ಚುತ್ತಿದ್ದವರನ್ನು, ಇದು ಯಾರ ಕಲ್ಲು ಎಂದು ಕೇಳಿದೆ. “ಹಳೇ ಕಾಲದ್ದು ಸ್ವಾಮಿ, ಯಾವುದೋ ಸಿನಿಮಾದವರು ಹಾಕಿದ್ದಿರಬೇಕು” ಎಂದರು.